ಪಿಕಪ್ಪಿನ ಹಳೇ ಹಾರ್ನು

ಅಪ್ಪಾ,

ಪಿಕಪ್ಪಿಗೆ ದೊಡ್ಡ ಎಂಜಿನ್ ಕುಂದರ್ಸಿದ ದಿನದಿಂದ ನನ್ನ ಕೂಡ ಮಾತು ಬಿಟ್ಟೀಯಲ್ಲ, ಅದಕ್ಕ ಈ ಚೀಟಿ. ಬುಟ್ಟ್ಯಾಗ ರೊಟ್ಟಿ ಅದಾವ. ಸಿಟ್ಟು ಆಮ್ಯಾಲೆ, ಮೊದಲು ಉಣ್ಣು.

ನಿನ್ನೆ ಇಪ್ಪತ್ತು ಟಗರು ಹೇರಿಕೊಂಡು ಗುಡೇಕೋಟಿ ಏರು ಹತ್ತಿಸಿದೆ. ಈ ಸಲ ಯಾರೂ ಇಳಿದು ನೂಕಲಿಲ್ಲ.

ಆದ್ರ ಕುರಿ ಬೆದರ್ತಾವ ಅಂತ ನೀ ಹೇಳಿದ್ದೂ ಖರೇನ ಆತು. ಹಳೇ ಎಂಜಿನ್, ಹಾರ್ನ್ ಸಪ್ಪಳಕ್ಕ ಗುಡ್ಡದಿಂದ ಓಡಿ ಬರ್ತಿದ್ದ ನಮ್ಮ ಕುರಿ, ಹೊಸಾ ಎಂಜಿನ್ ಗುಡುಗಿದ ಕೂಡ್ಲೆ ಬೆದರಿ ಇನ್ನೂ ಮ್ಯಾಲಕ್ಕ ಹತ್ತಿದ್ವು. ಅದಕ್ಕ ಎಂಜಿನ್ ಜೋಡಿ ಬಿಚ್ಚಿಟ್ಟಿದ್ದ ಹಳೇ ಹಾರ್ನು ತಿರುಗಿ ಹಾಕ್ಸೀನಿ. ಇವತ್ತು ಮುಂಜಾನಿ ಮನಿ ಮುಂದ ನಿಂತು ಎರಡು ಸಲ ಒತ್ತಿದೆ, ಒಂದೂ ಬಿಡದಂಗ ಇಳಿದು ಬಂದು ಗಾಡಿ ಮುತ್ತಿದ್ವು. ನಾನೂ ನಿನ್ನ ಮಗಳಲ್ಲೇನು?

ಹಳೇ ಎಂಜಿನ್ ಹಿತ್ತಲದಾಗ ತಾಡಪಾಲ ಮುಚ್ಚಿ ಇಟ್ಟೀನಿ. ಗುಜರಿಯಾಂವ ಬಂದ್ರ ಕೊಡಬ್ಯಾಡ. ಅದರ ಮುಂದ ಕುಂತು ಮಾರಿ ಸಣ್ಣದು ಮಾಡ್ಕೋಬ್ಯಾಡ.

ಸಂಜಿಮುಂದ ಕೊಟ್ಟೂರಿಂದ ಬಂದು ಹಾರ್ನ್ ಹೊಡಿತೀನಿ. ಸುಮ್ನ ಬಂದು ಮುಂದಿನ ಸೀಟಿನಾಗ ಕೂಡು. ಈ ಗಾಡಿ ಹತ್ತಂಗಿಲ್ಲ ಅನಬ್ಯಾಡ. ಮುಂಜಾನಿ ಹಾರ್ನ್ ಕೇಳಿ ಕುರಿಗಿಂತ ಮೊದಲು ಮನಿ ಕಟ್ಟಿ ಮ್ಯಾಲಿಂದ ಎದ್ದು ಓಡಿ ಬಂದಾಂವ ನೀನ. ಗಾಡಿ ಕನ್ನಡಿಯಾಗ ನೋಡೀನಿ.

ರೋಜಾ