ಎಡಗೈಯ ಮೇಲೊಂದು ಆರೋಪ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ವಿದ್ಯಾರ್ಥಿನಿಯೊಬ್ಬಳ ಗಣಿತದ ಫಲಿತಾಂಶವನ್ನು ತಾವು ತಡೆಹಿಡಿದಿದ್ದೀರಿ. ಬಲಗೈಯಲ್ಲಿ ಬರೆಯುತ್ತ, ಎಡಗೈ ಬೆರಳುಗಳಿಂದ ಇತರರಿಗೆ ಉತ್ತರ ರವಾನಿಸಿದಳೆಂಬುದು ಆರೋಪ. ಅವಳು ಕುಳಿತದ್ದು ಕೊನೆಯ ಸಾಲಿನಲ್ಲಿ. ಎಡಕ್ಕೆ ಗೋಡೆ, ಹಿಂದೆ ಮುರಿದ ಬೆಂಚುಗಳ ರಾಶಿ. ಗೋಡೆಗೆ ಕಿವಿಯಿರುತ್ತದೆಂದು ಕೇಳಿದ್ದೆ. ಅದಕ್ಕೆ ಕಣ್ಣೂ ಇದೆ, ಅದೂ ಗಣಿತ ಪರೀಕ್ಷೆಗೆ ಕುಳಿತಿತ್ತು ಎಂಬುದು ತಮ್ಮ ಕಚೇರಿಯ ಸಂಶೋಧನೆಯೇ?

ತರಗತಿಯಲ್ಲಿ ಅವಳ ಅಡ್ಡಹೆಸರು ಚಿಟ್ಟೆ; ಒಂದು ರೆಕ್ಕೆ ಆಡಿದರೆ ಇನ್ನೊಂದೂ ಆಡುತ್ತದೆ. ಬಲಗೈಯಲ್ಲಿ ಕತ್ತರಿ ಹಿಡಿದರೆ ಎಡಗೈ ಗಾಳಿಯನ್ನು ಕತ್ತರಿಸುತ್ತದೆ. ಪುಟ್ಟ ಮಕ್ಕಳಲ್ಲಿ ಇದು ತುಸು ಸಹಜ, ಬೆಳೆದಂತೆ ಮರೆಯಾಗುತ್ತದೆ, ಇವಳಲ್ಲಿ ಮರೆಯಾಗಲಿಲ್ಲ. ಮಿದುಳಿನ ಒಂದು ಬದಿಯಿಂದ ಹೊರಟ ನರತಂತುಗಳು ಬಹುಪಾಲು ಕತ್ತಿನ ಮೇಲ್ಭಾಗದಲ್ಲಿ ಎದುರು ಬದಿಗೆ ದಾಟಬೇಕು. ಇವಳಲ್ಲಿ ಹಲವು ದಾಟಿಲ್ಲವಾದ್ದರಿಂದ ಒಂದೇ ಆಜ್ಞೆ ಎರಡೂ ಕೈಗಳಿಗೆ ತಲುಪುತ್ತದೆ ಎಂದು ನರರೋಗ ತಜ್ಞೆ ಬರೆದುಕೊಟ್ಟಿದ್ದಾರೆ. ಬುದ್ಧಿಗೂ ಪ್ರಾಮಾಣಿಕತೆಗೂ ಇದರೊಂದಿಗೆ ಸಂಬಂಧವಿಲ್ಲ.

ವಿಚಾರಣೆಯ ದಿನ ನಾನೂ ಅಲ್ಲಿದ್ದೆ. "ಎಡಗೈ ಸುಮ್ನೆ ಇಟ್ಕೊಂಡು ಬರಿಯಮ್ಮ, ನೋಡೋಣ" ಎಂದರು ತಮ್ಮ ವಿಚಾರಣಾ ಸಮಿತಿಯ ಹಿರಿಯ ಸದಸ್ಯರು. ಅವಳು ಬರೆದಳು, ಎಡಗೈಯೂ ಬರಿಮೇಜಿನ ಮೇಲೆ ಬರೆಯಿತು.

"ನೋಡಿದ್ರಾ? ನಮ್ಮ ಕಣ್ಣೆದುರಿಗೇ ಮಾಡ್ತಾಳೆ. ಏನು ಧೈರ್ಯ!"

"ಸರ್, ಇಲ್ಲಿ ಯಾರಿಗೆ ಹೇಳ್ಕೊಡ್ಲಿ? ನಿಮಗಾ?"

"ಬಾಯ್ಮುಚ್ಚೇ" ಎಂದು ಅವಳಮ್ಮ ತೋಳು ಚಿವುಟಿದರು. ಗುಮಾಸ್ತರು ಕೆಮ್ಮಿನೊಳಗೆ ನಗು ಅಡಗಿಸಿಕೊಂಡರು. ನಿರ್ದೋಷಿತ್ವಕ್ಕೆ ಸಿಕ್ಕ ಸಾಕ್ಷಿಯೇ ಉದ್ಧಟತನಕ್ಕೆ ಸಾಕ್ಷಿಯಾಯಿತು.

ಈಗ ತಮ್ಮ ಕೃಪೆ ಹರಿದಿದೆ: ಎಡಗೈಯನ್ನು ಕುರ್ಚಿಗೆ ಕಟ್ಟಿಸಿಕೊಂಡು ಮರುಪರೀಕ್ಷೆ ಬರೆಯಬಹುದಂತೆ! ತಜ್ಞೆಯ ಮಾತನ್ನು ನಂಬಿದ್ದರೆ ಕಟ್ಟುವುದೇಕೆ? ನಂಬದಿದ್ದರೆ ಮರುಪರೀಕ್ಷೆಯೇಕೆ? ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಎಷ್ಟು ಕೇಳಿದರೂ ತೋರಿಸದಿರುವುದೇಕೆ? ಅದರಲ್ಲಿ ಹುಡುಗಿಯ ತಪ್ಪಿಗಿಂತ ಗೋಡೆಯೇ ಸ್ಪಷ್ಟವಾಗಿ ಕಾಣುತ್ತದೆಂಬ ಅಳುಕೇ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಯಾರೆಂದು ಊಹಿಸುವುದು ನನ್ನ ಕೆಲಸವಲ್ಲ, ಆದರೂ ಊಹಿಸುತ್ತಿದ್ದೇನೆ.

ಪಾಲಿಟೆಕ್ನಿಕ್ ಪ್ರವೇಶ ಈ ತಿಂಗಳೇ ಮುಗಿಯುತ್ತದೆ. ಮನೆಯಲ್ಲಿ ದುಪಟ್ಟಾದಿಂದ ಕೈ ಕಟ್ಟಿಕೊಂಡು ಅಭ್ಯಾಸ ಮಾಡಿ ನೋಡಿದಳಂತೆ; ಜಗ್ಗುವ ಕೈಯತ್ತಲೇ ಗಮನ ಹೋಗಿ ಅರ್ಧ ಲೆಕ್ಕಗಳು ಉಳಿದವಂತೆ. ನಿನ್ನೆ ನನ್ನನ್ನು ಕೇಳಿದಳು: "ಮೇಡಂ, ಕಟ್ಟಿಸ್ಕೊಂಡ್ರೆ ತಪ್ಪು ಒಪ್ಕೊಂಡ ಹಾಗಾಗಲ್ವಾ?"

ಆಗುತ್ತದೆ ಎಂದೆ. ಅವಳು ಮರುಪರೀಕ್ಷೆಗೆ ಬರುವುದಿಲ್ಲ. ಅವಳು ಬರೆದ ಉತ್ತರಪತ್ರಿಕೆ ತಮ್ಮ ಕಪಾಟಿನಲ್ಲಿದೆ. ಅದನ್ನು ತಿದ್ದಿಸಿ, ಬಂದಷ್ಟು ಅಂಕ ಕೊಡಿ.

ಇಂತಿ,
ತಮ್ಮನ್ನು ಅನುಮಾನಿಸಲು ಈ ವಯಸ್ಸಿನಲ್ಲಿ ಕಲಿಯಬೇಕಾಗಿ ಬಂದ
ಅವಳ ಗಣಿತದ ಶಿಕ್ಷಕಿ