ಹತ್ತು ಜನರ ಮೇಜು

ಹೋಹೆನ್‌ಗ್ರುಂಡ್, ಬಾಂಬೆರ್ಗ್ ಹತ್ತಿರ
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ತಮ್ಮ ವೆಂಡೆಲಿನ್‌ಗೆ,

ಹೇಗಿದ್ದೀಯಪ್ಪ? ಸೊಂಟ ಹೇಗಿದೆ? ದೋಣಿಯ ಅಡಿಗೆ ನುಸುಳಿ ಬಣ್ಣ ಬಳಿಯುವಾಗ ಹಿಡಿದುಕೊಂಡಿತು ಎಂದು ಬರೆದವನದು ಆಮೇಲೆ ಸುದ್ದಿಯೇ ಇಲ್ಲ. ಹೂಸುಮ್‌ನಲ್ಲಿ ಈಗಾಗಲೇ ಸಮುದ್ರದ ಗಾಳಿ ಶುರುವಾಗಿರಬೇಕು. ನಾನು ಹೆಣೆದು ಕಳಿಸಿದ ಸ್ವೆಟರ್ ಹಾಕಿಕೊಳ್ಳುತ್ತೀಯೋ, ಪೆಟ್ಟಿಗೆಯಲ್ಲಿಟ್ಟು ನುಸಿಗೆ ತಿನ್ನಿಸುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ಗುರುವಾರದ ನಿಮ್ಮ ಸಭೆಗೆ ತಪ್ಪದೆ ಹೋಗುತ್ತಿದ್ದೀಯ ತಾನೇ? ಕುಡಿತ ಬಿಟ್ಟವರೆಲ್ಲ ಒಂದು ಕಡೆ ಸೇರಿ ಕಾಫಿ ಕುಡಿದು ಮಾತಾಡುವುದರಲ್ಲಿ ಏನಿದೆ ಎಂದು ಮೊದಮೊದಲು ನನಗೆ ಅರ್ಥವಾಗುತ್ತಿರಲಿಲ್ಲ. ಈಗ ನೀನು ಒಂದು ಹನಿಯನ್ನೂ ಮುಟ್ಟದೆ ಇಷ್ಟು ವರ್ಷ ಕಳೆದದ್ದು ನೋಡಿದರೆ ಆ ಜನಕ್ಕೆಲ್ಲ ಒಂದೊಂದು ಸ್ವೆಟರ್ ಹೆಣೆದು ಕಳಿಸೋಣ ಅನ್ನಿಸುತ್ತದೆ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದರೆ ಸುಳ್ಳಾಗುತ್ತದೆ. ಕಾಯಿಲೆ ಏನೂ ಇಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟೆ. ಈ ಕಾಗದ ಬರೆಯಲು ಕೂತವಳು ನಡುವೆ ಎದ್ದು ಹೋಗಿ ಅಡುಗೆಮನೆಯ ಕಿಟಕಿ ಒರೆಸಿದೆ. ಬಂದು ಎರಡು ಸಾಲು ಬರೆದು, ಮತ್ತೆ ಹೋಗಿ ಒರೆಸಿದ ಕಿಟಕಿಯನ್ನೇ ಒರೆಸಿದೆ. ನಿನ್ನ ಭಾವ ಹಾರ್ಟ್‌ಮುಟ್ ಪೇಪರಿನಿಂದ ತಲೆ ಎತ್ತಿ "ಗಾಜು ಸವೆದು ಹೋಗುತ್ತೆ ಕಣೇ" ಅಂದರು. ಅವರಿಗೇನು, ಹಾಯಾಗಿದ್ದಾರೆ. ಒದ್ದಾಡುತ್ತಿರುವವರು ಈ ಮನೆಯಲ್ಲಿ ಇಬ್ಬರೇ, ನಾನು ಮತ್ತು ಅಪ್ಪ.

ವಿಷಯ ಏನೆಂದರೆ, ನಾವು ಮ್ಯೂನಿಕ್ಕಿನ ಬಿಯರ್ ಉತ್ಸವಕ್ಕೆ ಹೊರಟಿದ್ದೇವೆ. ಹೌದು, ಸರಿಯಾಗಿಯೇ ಓದಿದೆ. ಅಪ್ಪನೂ. ಮ್ಯೂನಿಕ್ಕಿನ ಬಿಯರ್ ಎಂದರೆ "ಪಾತ್ರೆ ತೊಳೆದ ನೀರು, ಅದಕ್ಕೆ ನೊರೆ ಬೇರೆ ಕೇಡು" ಎನ್ನುತ್ತಿದ್ದ ನಮ್ಮಪ್ಪ. ಹುಟ್ಟಿದಾಗಿನಿಂದ ನಮ್ಮ ಈ ಫ್ರಾಂಕೋನಿಯ ಸೀಮೆ ಬಿಟ್ಟು ದಕ್ಷಿಣಕ್ಕೆ ಕಾಲಿಡದವನು, ನಮ್ಮನ್ನು ಯಾರಾದರೂ ಮ್ಯೂನಿಕ್ಕಿನವರ ಜೊತೆ ಸೇರಿಸಿ ಬವೇರಿಯದವರು ಎಂದು ಕರೆದರೆ ಸಾಕು ಮುಖ ಸಿಂಡರಿಸುವವನು. ಇದು ಅವನ ಮೊದಲ ಪ್ರಯಾಣ, ನಮ್ಮೆಲ್ಲರದ್ದೂ ಮೊದಲನೆಯದೇ.

ಈಸ್ಟರ್‌ಗೆ ಮುಂಚೆ ನಮ್ಮ ಬ್ರೂವರಿ ಮುಚ್ಚಿದ್ದನ್ನು ಬರೆದಿದ್ದೆನಲ್ಲ. ತಾಮ್ರದ ದೊಡ್ಡ ಹಂಡೆ ತಳ ಬಿಟ್ಟಿತು, ಎಂಬತ್ತಕ್ಕೆ ಬಂದ ಅಪ್ಪನಿಗೆ ಹೊಸದು ಹಾಕಿಸುವ ಹುಮ್ಮಸ್ಸು ಉಳಿದಿರಲಿಲ್ಲ. ಕೊನೆಯ ಪೀಪಾಯಿ ಖಾಲಿಯಾದ ದಿನ ಅಪ್ಪ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಈಗಲೂ ಬೆಳಗಾಗುವ ಮುಂಚೆ ಎದ್ದು ಬ್ರೂವರಿಗೆ ಹೋಗುತ್ತಾನೆ. ಒಲೆ ಇಲ್ಲ, ಮೊಳಕೆ ಬಾರ್ಲಿ ಇಲ್ಲ. ತೊಟ್ಟಿಗಳ ಮುಚ್ಚಳ ಒಂದೊಂದಾಗಿ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚುತ್ತಾನೆ. ಕಾಫಿಗೆ ಕರೆದರೆ "ಬಂದೆ, ಕೆಲಸ ಇದೆ" ಅನ್ನುತ್ತಾನೆ.

ಅದನ್ನು ನೋಡಲಾರದೆ, ನಮ್ಮಲ್ಲಿ ಬಿಯರ್ ಕುಡಿಯಲು ಬರುತ್ತಿದ್ದ ದಿನದ ಗಿರಾಕಿಗಳೆಲ್ಲ ಸೇರಿ ಅವನಿಗೆ ಈ ಉಡುಗೊರೆ ಕೊಟ್ಟರು. ಮುಂದಾಳು ಯಾರು ಎಂದು ಹೇಳಬೇಕಾಗಿಲ್ಲ, ಅಂಚೆಯ ಡೀಟ್ಸ್. ಕೆಲಸದಿಂದ ನಿವೃತ್ತನಾದರೂ ಊರಿನ ಸುದ್ದಿ ಹಂಚುವುದರಿಂದ ನಿವೃತ್ತನಾಗಿಲ್ಲ. ಅವನ ಅಳಿಯ ಆ ಉತ್ಸವದ ಡೇರೆಯೊಂದರಲ್ಲಿ ಅಡುಗೆ ಕೆಲಸಕ್ಕಿದ್ದಾನಂತೆ. ಜನ ವರ್ಷಕ್ಕೆ ಮೊದಲೇ ಕಾದಿರಿಸುವ ಮೇಜನ್ನು ಹೇಗೋ ಹಿಡಿದು ತಂದ. ಇಪ್ಪತ್ತೇಳನೇ ತಾರೀಖು, ಶನಿವಾರ. ಅಲ್ಲಿಯ ಕಟ್ಟುಪಾಡು ವಿಚಿತ್ರ: ಮೇಜಿನಲ್ಲಿ ಕೂತವರಿಗೆ ಮಾತ್ರ ಬಿಯರ್, ನಿಂತವರನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮೇಜನ್ನೂ ಬಿಡಿಬಿಡಿಯಾಗಿ ಕೊಡುವುದಿಲ್ಲ, ಹತ್ತು ಜನರದ್ದು ಇಡಿಯಾಗಿ ತೆಗೆದುಕೊಳ್ಳಬೇಕು, ಈ ಬೆಂಚಿನಲ್ಲಿ ಐದು ಜನ, ಆ ಬೆಂಚಿನಲ್ಲಿ ಐದು ಜನ.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಡೀಟ್ಸ್ ಅಲ್ಲಿಯವರ ಹಾಗೆ ಎಲ್ಲರೂ ಚರ್ಮದ ಚಡ್ಡಿ ಹಾಕಲೇಬೇಕು ಎಂದು ಹಟ ಹಿಡಿದ. ಅಪ್ಪ, "ಮೊಣಕಾಲು ಬಿಟ್ಕೊಂಡು ಕುಣಿಯೋಕೆ ನಾನೇನು ಬೆಟ್ಟದಲ್ಲಿ ಮೇಕೆ ಮೇಯಿಸೋನಾ? ನನ್ನ ಕರೀ ಕೋಟು ಸಾಕು" ಅಂದ. "ಅದು ಸಾವಿಗೆ ಹಾಕೋ ಕೋಟು ಕಣೋ" ಎಂದು ಡೀಟ್ಸ್, "ಅವರ ಬಿಯರ್ ಕುಡಿಯೋದೂ ಹಂಗೇ ಅಲ್ವಾ" ಎಂದು ಅಪ್ಪ. ಮದುವೆಯಾಗದೆ ಉಳಿದ ನಮ್ಮ ಒಟೀಲಿ ಅತ್ತೆ ಈ ವಯಸ್ಸಿನಲ್ಲಿ ಹಸಿರು ಲಂಗ, ಹೂವಿನ ಮೇಲುಡುಪು ಹೊಲಿಸಿಕೊಂಡಿದ್ದಾಳೆ. ಅಲ್ಲಿ ಮದುವೆಯಾಗದವರು ಸೊಂಟದ ಪಟ್ಟಿಯ ಗಂಟನ್ನು ಎಡಕ್ಕೆ ಕಟ್ಟುತ್ತಾರಂತೆ. ಎಡಕ್ಕೆ ಕಟ್ಟಿಕೊಂಡು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡು "ಯಾರಿಗೆ ಗೊತ್ತು ರೋಸೀ, ಮ್ಯೂನಿಕ್ಕಿನ ಗಂಡಸರಿಗೆ ಕಣ್ಣು ಮಂದ ಇರಬಹುದು" ಅನ್ನುತ್ತಾಳೆ. ಲೀಟರಿನ ಮಗ್ಗು ಎತ್ತಲು ಮಣಿಕಟ್ಟಿಗೆ ಶಕ್ತಿ ಬರಲಿ ಎಂದು ದಿನಾ ಸೌತೆಕಾಯಿ ಉಪ್ಪಿನಕಾಯಿಯ ಭರಣಿ ಎತ್ತಿ ಇಳಿಸುತ್ತಾಳೆ, ಮೊನ್ನೆ ಒಂದನ್ನು ಒಡೆದೂ ಹಾಕಿದಳು. ಅಪ್ಪನ ತಕರಾರು ಬೇರೆ: "ಲೀಟರ್ ಮಗ್ಗಿನ ತಳ ಮುಟ್ಟೋ ಹೊತ್ತಿಗೆ ಬಿಯರ್ ಬೆಚ್ಚಗಾಗಿರುತ್ತೆ. ಅರ್ಧ ಲೀಟರ್ ಅನ್ನೋದು ಮನುಷ್ಯರ ಅಳತೆ." ಬೈಯುತ್ತಾನೆ, ಆದರೂ ಯಾವ ರೈಲು, ಯಾವ ದ್ವಾರ, ಎಷ್ಟು ಹೊತ್ತಿಗೆ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಅವನ ಕಣ್ಣಿನಲ್ಲಿ ಸ್ವಲ್ಪ ಬೆಳಕು ಕಂಡು ನಾನು ಒಳಗೊಳಗೇ ಖುಷಿಪಟ್ಟೆ.

ಹೊರಡುವವರು ಒಂಬತ್ತು ಜನ ಆದರು. ಹತ್ತನೆಯ ಜಾಗಕ್ಕೆ ಊರೇ ಮುಗಿಬಿದ್ದಿತು. ಕಟುಕರ ಅಂಗಡಿಯ ಬ್ರೂನೋ ತನಗೇ ಬೇಕೆಂದು ಸಾಸೇಜ್ ಸರ ಕಟ್ಟಿಕೊಂಡು ಮನೆಗೇ ಬಂದ. ಅಪ್ಪ ಸಾಸೇಜ್ ಇಟ್ಟುಕೊಂಡ, ಜಾಗ ಕೊಡಲಿಲ್ಲ. "ಅದು ಖಾಲಿ ಇರಲಿ" ಅಂದ. ಯಾಕೆ ಎಂದು ಯಾರು ಕೇಳಿದರೂ "ಇರಲಿ ಅಂದ್ನಲ್ಲ" ಎಂದು ಗದರಿದ. ನನಗೆ ತಿಳಿಯಿತು. ನಿನ್ನ ಹೆಸರು ಅವನ ಬಾಯಿಂದ ಬಂದು ಆರು ವರ್ಷವಾಗಿದೆ. ಆದರೂ ಆ ಜಾಗ ನಿನ್ನದೇ ಎಂದು ನನಗೆ ತಿಳಿಯಿತು, ವೆಂಡೆಲ್. ಅಡುಗೆಮನೆಗೆ ಹೋಗಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಆಮೇಲೆ ನನ್ನ ತಲೆ ಓಡತೊಡಗಿತು. ನೀನು ಹ್ಯಾಂಬರ್ಗ್ ಮೇಲೆ ನೇರ ಮ್ಯೂನಿಕ್ಕಿಗೆ ಬರುವುದು, ನಾವು ಡೇರೆಯ ಬಾಗಿಲಲ್ಲೇ ಸಿಗುವುದು. ನಿನ್ನನ್ನು ಬೆಂಚಿನ ತುದಿಯಲ್ಲಿ ನನ್ನ ಪಕ್ಕ, ಅಪ್ಪನನ್ನು ಎದುರಿಗೆ ಕೂರಿಸುವುದು. ವಾದ್ಯದವರ ಗದ್ದಲದಲ್ಲಿ ಯಾರೂ ಯಾರೊಂದಿಗೂ ಮಾತಾಡಬೇಕಾಗಿಲ್ಲ, ಮಾತಿಲ್ಲದೆಯೇ ರಾಜಿ ಆಗಿಬಿಡುತ್ತದೆ. ಅಮಲಿಲ್ಲದ ಬಿಯರೂ ಅಲ್ಲಿ ಅದೇ ಮಗ್ಗಿನಲ್ಲಿ ಬರುತ್ತದಂತೆ, ನೋಡಿದವರಿಗೆ ವ್ಯತ್ಯಾಸ ತಿಳಿಯದು. ಡೀಟ್ಸ್‌ನ ಅಳಿಯನಿಗೆ ಹೇಳಿ ಅದನ್ನೂ ಗೊತ್ತು ಮಾಡಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಹಾರ್ಟ್‌ಮುಟ್‌ಗೆ ಹೇಳಿದರೆ, ಅವರು ಆಲೂಗಡ್ಡೆ ಸುಲಿಯುತ್ತಿದ್ದವರು ಚಾಕು ಕೆಳಗಿಟ್ಟು, "ಬಾವಿಗೆ ಬಿದ್ದು ಬದುಕಿ ಬಂದವನ್ನ ಮಾತಾಡಿಸ್ಬೇಕು ಅಂತ ಬಾವಿಕಟ್ಟೆ ಮೇಲೇ ಕೂರಿಸ್ತೀಯಲ್ಲೇ" ಅಂದರು.

ಮೈಯೆಲ್ಲ ಉರಿಯಿತು. "ನಿಮಗೇನು ಗೊತ್ತು ನಮ್ಮ ಮನೆ ವಿಚಾರ" ಎಂದು ಬಾಣಲೆ ಕುಕ್ಕಿದೆ. ಅವರು ಸುಮ್ಮನೆ ಮತ್ತೊಂದು ಆಲೂಗಡ್ಡೆ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಸಿಟ್ಟು ಇಳಿಯಿತು, ಅವರ ಮಾತು ಉಳಿಯಿತು. ನಮ್ಮ ಮನೆಯಲ್ಲಿ ನಾಮಕರಣವಾದರೂ ಮಗ್ಗು ಎತ್ತುತ್ತೇವೆ, ನಿಶ್ಚಿತಾರ್ಥಕ್ಕೂ ಹೊಲದ ಮಾತುಕತೆಗೂ ಮಗ್ಗು, ಜಗಳವಾಡಿದವರು ಒಂದಾಗುವಾಗಲೂ ಮಗ್ಗಿಗೆ ಮಗ್ಗು ತಾಗಿಸಿದರೆ ಮುಗಿಯಿತು. ಕ್ಷಮಿಸು ಅನ್ನುವ ಮಾತನ್ನು ಬಾಯಲ್ಲಿ ಆಡಿ ನಮಗೆ ರೂಢಿಯೇ ಇಲ್ಲ. ಅಮ್ಮನ ಮಣ್ಣು ಮುಗಿಸಿ ಬಂದು ಎಲ್ಲರೂ ಅವಳ ಹೆಸರಿನಲ್ಲಿ ಮಗ್ಗು ಎತ್ತಿದಾಗ ನೀನು ನೀರಿನ ಲೋಟ ಎತ್ತಿದ್ದೆ. ಆಗಿನ್ನೂ ನೀನು ಕುಡಿತ ಬಿಟ್ಟು ನಾಲ್ಕು ತಿಂಗಳೂ ಆಗಿರಲಿಲ್ಲ. ಅಪ್ಪ ಊರವರೆಲ್ಲರ ಎದುರಿಗೆ, "ಈ ಮನೇಲಿ ನೀರು ಕುಡಿಯೋದು ದನಗಳು. ತಾಯಿಗೆ ಒಂದು ಗುಟುಕು ಕುಡಿಯೋಕೆ ಆಗದೋನು ಮಗನಾ?" ಅಂದ. ನೀನು ಲೋಟ ಇಟ್ಟು, ಕೋಟು ತೆಗೆದುಕೊಂಡು ಹೊರಟೆ. ಈಗ ಅದೇ ಅಪ್ಪ, ಅದೇ ಮಗ್ಗಿನ ಎದುರಿಗೆ ನಿನ್ನನ್ನು ಮತ್ತೆ ಕೂರಿಸಿ ಒಂದಾಗೋಣ ಎನ್ನುವುದು, ಸಾವಿರಾರು ಜನ ಬೆಂಚು ಹತ್ತಿ ಕುಡಿದು ಹಾಡುವ ಜಾಗದಲ್ಲಿ. ಇಂಥ ತಪ್ಪು ನಾವಲ್ಲದೆ ಬೇರೆ ಯಾರೂ ಮಾಡಲಾರರು.

ನಿನ್ನೆ ಬ್ರೂವರಿಗೆ ಹೋಗಿ ಅಪ್ಪನಿಗೆ ಹೇಳಿಯೇಬಿಟ್ಟೆ. "ಅಪ್ಪಾ, ವೆಂಡೆಲ್ ಅಲ್ಲಿಗೆ ಬರಕ್ಕಾಗಲ್ಲ. ಬರಲೂಬಾರದು." ಅವನು ತೊಟ್ಟಿಯ ಮುಚ್ಚಳ ಹಿಡಿದು ನಿಂತಿದ್ದ. "ನಾನು ಯಾವಾಗ ಅವನ ಹೆಸರು ಹೇಳ್ದೆ?" ಅಂದ. ಆಮೇಲೆ ತೊಟ್ಟಿಯೊಳಗೆ ಇಣುಕುತ್ತಲೇ, "ಅವನು ಆ ಹೂಸುಮ್‌ನಲ್ಲಿ ಏನು ಕುಡೀತಾನೆ?" ಎಂದು ಕೇಳಿದ. ಕಾಫಿ, ಚಹಾ ಎಂದೆ. "ದಿನವೆಲ್ಲಾ?" ದಿನವೆಲ್ಲಾ ಎಂದೆ. "ಕೆಲಸ ಮುಗಿದ ಮೇಲೂ?" ಹೌದಪ್ಪ, ಆಮೇಲೂ. ಅವನು ಮುಚ್ಚಳ ಮುಚ್ಚಿ, ನನ್ನನ್ನು ದಾಟಿಕೊಂಡು ಅಂಗಳಕ್ಕೆ ಹೋದ. ಮಧ್ಯಾಹ್ನ ಬ್ರೂನೋನನ್ನು ಕರೆಸಿ ಹತ್ತನೆಯ ಜಾಗ ಕೊಟ್ಟುಬಿಟ್ಟ.

ಹೀಗಾಗಿ ಈ ಕಾಗದ ನಿನ್ನನ್ನು ಕರೆಯಲು ಬರೆದದ್ದಲ್ಲ. ಬೇರೆ ಯಾರಿಂದಲೋ ಕೇಳಿ ನೀನು ನೊಂದುಕೊಳ್ಳಬಾರದು ಎಂದು ಬರೆದದ್ದು. ನಿನ್ನನ್ನು ಬಿಟ್ಟು ಹೋಗುತ್ತಿದ್ದೇವೆ ಎಂದುಕೊಳ್ಳಬೇಡ. ಅಪ್ಪ ನಿನಗೆಂದು ಒಂದು ಜಾಗ ಕೆಲವು ದಿನವಾದರೂ ಹಿಡಿದಿಟ್ಟಿದ್ದ, ಅಷ್ಟು ನಿನಗೆ ತಿಳಿದಿರಲಿ. ನನಗಂತೂ ಈಗ ಮ್ಯೂನಿಕ್ಕೂ ಬೇಡ, ಬಿಯರೂ ಬೇಡ ಅನ್ನಿಸಿದೆ. ಆದರೆ ಅತ್ತೆಯ ಲಂಗ ಸಿದ್ಧವಾಗಿದೆ, ಹೋಗಲೇಬೇಕು.

ಹಾರ್ಟ್‌ಮುಟ್ ನಿನ್ನನ್ನು ಕೇಳಿದ್ದಾರೆ. ಒಟೀಲಿ ಅತ್ತೆ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಒರೆಸಿಕೊಂಡರೂ ಅವಳಿಗೆ ಗೊತ್ತಾಗುವುದಿಲ್ಲ. ದೇವರು ನಿನ್ನ ಸೊಂಟವನ್ನೂ ನಿನ್ನನ್ನೂ ಕಾಪಾಡಲಿ.

ನಿನ್ನ ಅಕ್ಕ,
ರೋಸ್ವಿಟಾ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಚರ್ಚಿನಿಂದ ಬಂದ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ. ಅವನು ತನ್ನ ಜಾಗವನ್ನೂ ಕೊಟ್ಟುಬಿಟ್ಟಿದ್ದಾನೆ, ಪಾದ್ರಿಗೆ. ಮೊಣಕಾಲು ನೋವೆಂದು ಎಲ್ಲರಿಗೂ ಹೇಳಿದನಂತೆ. ಡೀಟ್ಸ್ ಚರ್ಚಿನ ಮೆಟ್ಟಿಲ ಮೇಲೆಯೇ "ಮದುಮಗನೇ ಇಲ್ಲದ ಮದುವೆಗೆ ನಾವು ಯಾಕೋ ಹೋಗೋದು" ಎಂದು ಕೂಗಾಡಿದ್ದಾನೆ. ನೋವೂ ಇಲ್ಲ, ಏನೂ ಇಲ್ಲ. ಅದೇ ಶನಿವಾರಕ್ಕೆ ಹೂಸುಮ್‌ಗೆ ಟಿಕೆಟ್ ತೆಗೆಸಿದ್ದಾನೆ. ಹ್ಯಾಂಬರ್ಗಿನಲ್ಲಿ ಗಾಡಿ ಬದಲಿಸಬೇಕು, ಎಲ್ಲಿ ಇಳಿದು ಎಲ್ಲಿ ಹತ್ತುವುದೆಂದು ನನ್ನ ಕೈಯಲ್ಲಿ ಬರೆಸಿಕೊಂಡ. ಸಂಜೆ ಬಂದು ಇಳಿಯುತ್ತಾನೆ. ನಿನಗೆ ಹೇಳಕೂಡದಂತೆ: "ಹೇಳಿದ್ರೆ ಬೇಡ ಅಂದ್ಬಿಡ್ತಾನೆ ಕಣೇ." ಆದರೂ ಹೇಳುತ್ತಿದ್ದೇನೆ, ನಿನ್ನ ಬಾಗಿಲು ನಿನ್ನದು. ಅವನು ಕ್ಷಮೆ ಕೇಳುತ್ತಾನೆಂದು ಕಾಯಬೇಡ, ಬರುವುದಿಲ್ಲ ಅವನಿಗೆ. ನಿನ್ನ ದೋಣಿಗೆ ಬಣ್ಣ ಸರಿಯಾಗಿ ಬಳಿದಿಲ್ಲ ಅನ್ನುತ್ತಾನೆ, ನಿನ್ನ ಕಾಫಿ ನೀರು ಅನ್ನುತ್ತಾನೆ. ಅವನು ಬರುವುದು ನಿನಗೆ ಆಗದು ಅನ್ನಿಸಿದರೆ ಅದರ ಹಿಂದಿನ ದಿನ ಶುಕ್ರವಾರದೊಳಗೆ ನನಗೆ ಫೋನ್ ಮಾಡು, ಏನಾದರೂ ನೆಪ ಹೇಳಿ ತಡೆಯುತ್ತೇನೆ. ಅಲ್ಲಿಯವರೆಗೆ ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ವೆಂಡೆಲ್, ಫೋನ್ ಮಾಡಬೇಡ.