ಪೂಜೆಗೆ ಆಫ್ ಮಾಡಿದ ರೂಟರ್

೩ ಅಕ್ಟೋಬರ್ ೨೦೨೫, ಶುಕ್ರವಾರ. ವಿಶಾಖಪಟ್ಟಣ

"ನೋಡಮ್ಮಾ, ಆ ಓಪನ್ ಸೋರ್ಸ್ ರೂಟರ್ ಡಬ್ಬಗಳನ್ನ ಸೋಮವಾರ ಕಿತ್ತುಹಾಕಿಬಿಡು." ಮ್ಯಾನೇಜರ್ ಬಾಬ್ಜಿಗಾರು ಎಲ್ಲರ ಎದುರಿಗೇ ಹೇಳಿದ್ದು ಇನ್ನೂ ಚುಚ್ಚುತ್ತಿದೆ. ತಾಯಿಯಿಂದ ಕಲಿತ ಕನ್ನಡ ಅವರಿಗೆ ನನ್ನನ್ನು ಬಯ್ಯುವಾಗ ಮಾತ್ರ ನೆನಪಾಗುತ್ತದೆ.

ಬೆಳಿಗ್ಗೆಯಿಂದ ಬಂದರಿನ ಪಕ್ಕದ ನಮ್ಮ ಆಫೀಸಿಗೂ ವಿಜಯವಾಡದಾಚೆ ಕೊಂಡಪಲ್ಲಿಯ ಗೋದಾಮಿಗೂ ಸಂಪರ್ಕವೇ ಇರಲಿಲ್ಲ. ಎರಡೂ ಕಡೆಯ ರೂಟರುಗಳು ಒಂದನ್ನೊಂದು ಗುರುತಿಸಿದ್ದವು. ಯಾವ ದಾರಿಗೆ ಯಾವ ಲೇಬಲ್, ಅಂದರೆ ಯಾವ ಗುರುತಿನ ಸಂಖ್ಯೆ, ಎಂಬುದನ್ನೂ ಒಪ್ಪಿಕೊಂಡಿದ್ದವು. ಆದರೆ ಲೇಬಲ್ ಹಚ್ಚಿ ಕಳಿಸಿದ ಮಾಹಿತಿಯ ಪ್ಯಾಕೆಟ್ಟುಗಳೆಲ್ಲ ಕೊಂಡಪಲ್ಲಿಯ ಬಾಗಿಲಲ್ಲೇ ಬಿದ್ದುಹೋಗುತ್ತಿದ್ದವು.

ಗೋದಾಮಿನ ಶ್ರೀರಕ್ಷಾಗೆ ಫೋನ್ ಮಾಡಿ, ಏನಾದರೂ ಮುಟ್ಟಿದಿರಾ ಎಂದು ಕೇಳಿದೆ.

"ಇಲ್ಲ ಅಕ್ಕಾ. ಆಯುಧಪೂಜೆಗೆ ಆಫ್ ಮಾಡಿ ಕುಂಕುಮ ಇಟ್ವಿ, ಇವತ್ತು ಬೆಳಿಗ್ಗೆ ಆನ್ ಮಾಡಿದ್ವಿ, ಅಷ್ಟೇ. ಈ ಸಲ ಬಾಬ್ಜಿಗಾರೇ ಹೇಳಿದ್ರು."

ಅಷ್ಟೇ ಅಂತೆ! ಲೇಬಲ್ ಬೇಡದ ದಾರಿಯೊಂದು ಇನ್ನೂ ತೆರೆದಿತ್ತು, ಅದರಿಂದ ಅಲ್ಲಿನ ರೂಟರಿನೊಳಗೆ ಹೊಕ್ಕು ನೋಡಿದೆ. ಲೇಬಲ್ ಇರುವುದನ್ನು ಒಳಗೆ ಬಿಡು ಎಂಬ ಅನುಮತಿಯನ್ನು ಅಲ್ಲಿ ಯಾರೋ ಆಫ್ ಆದರೆ ಅಳಿಸಿಹೋಗುವ ಕಮಾಂಡಿನಲ್ಲಿ ಕೊಟ್ಟಿದ್ದರು, ಫೈಲಿನಲ್ಲಿ ಉಳಿಸಿರಲಿಲ್ಲ. ವರ್ಷಗಟ್ಟಲೆ ಆಫ್ ಆಗದೆ ದುಡಿದದ್ದು ಪೂಜೆಗೆಂದು ಆಫ್ ಆಯಿತು, ಅನುಮತಿಯೂ ಹೋಯಿತು. ಇದರಲ್ಲಿ ರೂಟರಿನ ತಪ್ಪೇನು?

ಫೈಲಿಗೆ ಸೇರಿಸಿದೆ, ಸಂಪರ್ಕ ಬಂತು. "ಈಗ ಮತ್ತೆ ಆಫ್ ಮಾಡಿ ಆನ್ ಮಾಡು" ಎಂದೆ.

"ಅಯ್ಯೋ ಬೇಡ ಅಕ್ಕಾ, ಈಗ ತಾನೇ ಬಂದಿದೆ!"

"ಮಾಡು ಅಂದ್ನಲ್ಲ."

ಮಾಡಿದಳು. ಯಾರೂ ಕಮಾಂಡ್ ಕೊಡದೆ, ಎಲ್ಲವನ್ನೂ ನೆನಪಿಟ್ಟುಕೊಂಡು ರೂಟರ್ ಎದ್ದಿತು.

ಕುಂಕುಮ ಒರೆಸಬೇಡ ಎಂದು ಅವಳಿಗೆ ಹೇಳಿದ್ದೇನೆ. ಸೋಮವಾರ ಬಾಬ್ಜಿಗಾರನ್ನು ಕೊಂಡಪಲ್ಲಿಗೆ ಕರೆದೊಯ್ದು ಅವರ ಕೈಯಲ್ಲೇ ಸ್ವಿಚ್ ಆಫ್ ಮಾಡಿಸುತ್ತೇನೆ. ಆಮೇಲೆ ಕಿತ್ತುಹಾಕಲಿ, ನಾನೂ ನೋಡುತ್ತೇನೆ.